ಹಲಗೆಯ ಮೇಲೆ ಸಿಕ್ಕ ಬ್ರೇಕ್

"ರೀ ಮೇಡಂ, ಇಪ್ಪತ್ತೆರಡು ವರ್ಷ ಮಂದಿಗೆ ಕಾರು ಕಲಿಸಿದಾಂವ ನಾ! ನನಗ ನಿಲ್ಲೋದು ಕಲಿಸ್ತೀರೇನು? ನಿಮ್ಮ ಹಲಗಿನಾ ಸರಿ ಇಲ್ಲ!"

ಸೊಂಟದ ಮಟ್ಟದ ನೀರಿನಲ್ಲಿ ನಿಂತು ನಾನು ಕೂಗುತ್ತಿದ್ದೆ. ಮೂಗಿನಲ್ಲಿ ಉಪ್ಪುನೀರು... ಕಿವಿಯಲ್ಲಿ ಮರಳು... ಆಗಲೇ ಒಂಬತ್ತು ಸಲ ಬಿದ್ದಿದ್ದೆ.

"ಹಲಗೆ ಸರಿ ಉಂಟು ಅಣ್ಣ. ಬೆಳಿಗ್ಗೆ ಇದರಲ್ಲೇ ಎಂಟು ವರ್ಷದ ಹುಡುಗಿ ನಿಂತು ಹೋದದ್ದು," ಎಂದರು ಅಲೆಯ ಮೇಲೆ ಹಲಗೆಯಲ್ಲಿ ನಿಂತು ಸಾಗುವ ಸರ್ಫಿಂಗ್ ಕಲಿಸುವ ವನಿತಾ. ಮೀನುಗಾರರ ಮನೆಯ ಹೆಣ್ಣುಮಗಳು. ನನ್ನ ಕೂಗಿಗೆ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ದಡದಲ್ಲಿ ನನ್ನ ಹೆಂಡತಿ ಶಕುಂತಲಾ ಶೇಂಗಾ ತಿನ್ನುತ್ತಾ ಕುಳಿತಿದ್ದಳು.

ರಾಣೆಬೆನ್ನೂರಿನಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್. ಬಿಪಿ ಏರಿದೆ, ನಾಲ್ಕು ದಿನ ಎಲ್ಲಾದರೂ ಹೋಗಿ ಬನ್ನಿ ಎಂದಿದ್ದರು ಡಾಕ್ಟರು. ಮೂಲ್ಕಿ ಹತ್ತಿರದ ಈ ಬೀಚಿಗೆ ಬಂದರೆ, ಇವಳು ನನ್ನನ್ನು ಕೇಳದೆಯೇ ಸರ್ಫಿಂಗಿಗೆ ನನ್ನ ಹೆಸರು ಬರೆಸಿದಳು.

"ಒಂದು ದಿನ ನೀವೂ ಕಲಿಯೋರಾಗ್ರಿ..." ಎಂದಳು.

ಆ ಮಾತು ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಅವಳಿಗೂ ಕಾರು ಕಲಿಸಲು ಹೊರಟಿದ್ದೆ. ಆರನೆಯ ದಿನ, ಬಸ್ ಸ್ಟ್ಯಾಂಡ್ ಮುಂದೆ ಗಾಡಿ ಗಕ್ಕನೆ ನಿಂತು ಬಂದ್ ಆಯಿತು. ಹಿಂದೆ ಸಾಲು ಸಾಲು ಹಾರ್ನು.

"ಕ್ಲಚ್ ಒತ್ತು ಅಂದ್ರ ತಿಳಿಯಂಗಿಲ್ಲೇನು? ತಲ್ಯಾಗ ಏನೈತಿ ನಿನಗ?" ಎಂದು ಎಲ್ಲರೆದುರು ಕೂಗಿದ್ದೆ.

ಅವಳು ಬಾಗಿಲು ತೆಗೆದು ಇಳಿದು, ನಡೆದೇ ಮನೆಗೆ ಹೋದಳು.

ಆಮೇಲೆ ಸ್ಟಿಯರಿಂಗ್ ಮುಟ್ಟಲೇ ಇಲ್ಲ. ಅವಳ ಅಕ್ಕನ ಹಳ್ಳಿಗೆ ಸರಿಯಾದ ಬಸ್ಸಿಲ್ಲ. ನನಗೆ ಪುರಸೊತ್ತಾಗುವ ತನಕ ಸೀರೆ ಉಟ್ಟು, ಬ್ಯಾಗ್ ಹಿಡಿದು ಕಾಯುತ್ತಾ ಕೂರುತ್ತಿದ್ದಳು.

ಹತ್ತನೆಯ ಸಲವೂ ಬಿದ್ದೆ. ವನಿತಾ ಹಲಗೆ ಹಿಡಿದುಕೊಂಡು ನನ್ನ ಕಾಲನ್ನೇ ನೋಡಿದರು.

"ಅಣ್ಣ, ಹಲಗೆ ಓಡಲಿಕ್ಕೆ ಶುರುವಾದ ಕೂಡಲೇ ನೀವು ಹಿಂದಿನ ಕಾಲಲ್ಲಿ ಎಂತ ತುಳಿಯುವುದು?"

ಯೋಚಿಸಿದೆ... ನನಗೇ ನಗು ಬಂತು.

"ಬ್ರೇಕ್ ಮೇಡಂ."

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಗಾಡಿ ಸ್ವಲ್ಪ ವೇಗ ಹಿಡಿದರೆ ಸಾಕು, ನನ್ನ ಬಲಗಾಲು ತಾನಾಗಿಯೇ ಒತ್ತುತ್ತದೆ. ಇಪ್ಪತ್ತೆರಡು ವರ್ಷದ ಅಭ್ಯಾಸ.

"ಅದಕ್ಕೇ ಮಾರಾಯ್ರೆ! ಅಲೆ ಸರಿ ಉಂಟು, ಹಲಗೆಯೂ ಸರಿ ಉಂಟು. ನಿಲ್ಲಿಸುವುದು ನೀವೇ!" ಎಂದು ಅವರೂ ನಕ್ಕರು.

ನನ್ನ ನಗು ಅಲ್ಲಿಗೇ ನಿಂತಿತು...

ಅವತ್ತು ಬಸ್ ಸ್ಟ್ಯಾಂಡ್ ಮುಂದೆ... ಗಾಡಿ ನಿಲ್ಲಿಸಿದ್ದು ಯಾರು?

ಎದುರಿಗೆ ಆಟೋ ಬಂತೆಂದು ನಾನೇ ಬ್ರೇಕ್ ಒತ್ತಿದ್ದೆ. ಕ್ಲಚ್ ಒತ್ತದೆ ಬ್ರೇಕ್ ಬಿದ್ದರೆ ಗಾಡಿ ಬಂದ್ ಆಗಲೇಬೇಕು; ಅದನ್ನು ಒತ್ತಲು ಅವಳಿಗೆ ಸಮಯವನ್ನೇ ಕೊಟ್ಟಿರಲಿಲ್ಲ. ನನ್ನ ಕಾಲಿಗೆ ಅದು ಅವತ್ತೇ ಗೊತ್ತಿತ್ತು. ಬಾಯಿ ಒಪ್ಪಲಿಲ್ಲ, ಅಷ್ಟೇ.

"ಇನ್ನೊಮ್ಮೆ ಅಣ್ಣ. ಕಾಲು ಹಗುರ ಬಿಡಿ. ಕೆಳಗೆ ನೋಡ್ಬೇಡಿ. ದಡದಲ್ಲಿ ಅಕ್ಕ ಇದ್ದಾರಲ್ಲ, ಅವರನ್ನೇ ನೋಡಿ," ಎಂದು ವನಿತಾ ಹಿಂದಿನಿಂದ ಹಲಗೆ ತಳ್ಳಿದರು.

ಎದ್ದೆ... ನಿಂತೆ... ಮೂರು ಸೆಕೆಂಡು... ನಾಲ್ಕು...

ದಡದಲ್ಲಿ ಶಕುಂತಲಾ ಶೇಂಗಾ ಪೊಟ್ಟಣ ಚೆಲ್ಲಿ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ನಾನು ಅವಳಿಗೆ ಒಮ್ಮೆಯೂ ತಟ್ಟಿರಲಿಲ್ಲ.

ಆಮೇಲೆ ಬಿದ್ದೆ ಬಿಡಿ.

ಒದ್ದೆ ಬಟ್ಟೆಯಲ್ಲೇ ಹೋಗಿ ಅವಳ ಪಕ್ಕ ಕುಳಿತೆ. "ಅವತ್ತು ಗಾಡಿ ಬಂದ್ ಆಗಿದ್ದು ನಿನ್ನಿಂದ ಅಲ್ಲ. ನಾ ಬ್ರೇಕ್ ಒತ್ತಿದ್ದೆ. ತಪ್ಪು ನಂದು."

ಅವಳು ಮರಳಿಗೆ ಚೆಲ್ಲಿದ್ದ ಶೇಂಗಾ ಒಂದೊಂದಾಗಿ ಆರಿಸತೊಡಗಿದಳು.

"ಹನ್ನೆರಡು ವರ್ಷ ನಾನೇ ದಡ್ಡಿ ಅಂತ ತಿಳ್ಕೊಂಡಿದ್ದೆ ರೀ..." ಎಂದಳು.

ನನ್ನ ಕಣ್ಣಿನ ನೀರೂ ಸಮುದ್ರದ್ದೇ ಎಂದು ಸುಳ್ಳು ಹೇಳಿದೆ. ಅವಳು ನಂಬಲಿಲ್ಲ.

ಹತ್ತು ಸಲ ಬಿದ್ದರೂ ಒಮ್ಮೆಯೂ ದನಿ ಏರಿಸದ ಆ ತಾಯಿ ವನಿತಾಗೆ ಕೈಮುಗಿದೆ. ಈಗಲೂ ದಿನಾ ನೆನೆಯುತ್ತೇನೆ.

ಊರಿಗೆ ಬಂದು ಶಕುಂತಲಾಗೆ ಮತ್ತೆ ಮೊದಲಿಂದ ಕಲಿಸಿದೆ. ಕೂಗಲೇ ಇಲ್ಲ ಎಂದರೆ ಸುಳ್ಳಾದೀತು... ಎರಡು ಸಲ ಕೂಗಿದೆ. ಎರಡು ಸಲವೂ ಅವಳು ರಸ್ತೆಯಿಂದ ಕಣ್ಣು ತೆಗೆಯದೆ, "ಸಮುದ್ರ ನೆನಪೈತೇನು?" ಎಂದಳು. ಬಾಯಿ ಮುಚ್ಚಿದೆ.

ಹೋದ ವಾರ ಲೈಸೆನ್ಸ್ ಬಂತು. ಭಾನುವಾರ ಬೆಳಿಗ್ಗೆ ಮೊಳೆಯಿಂದ ಕೀ ತೆಗೆದುಕೊಂಡು, "ಅಕ್ಕನ ಊರಿಗೆ ಹೊಂಟೀನಿ," ಎಂದಳು.

"ನಾನೂ ಬರ್ಲೇನು?"

"ಬ್ಯಾಡ. ನಿಮ್ಮ ಬಲಗಾಲು ಮನ್ಯಾಗ ಇರಲಿ."

ತಿರುಗಿ ನೋಡದೆ ಹೊರಟುಹೋದಳು. ಸಂಜೆ ಫೋನ್ ಬಂತು... ಎಂಟು ದಿನ ಅಲ್ಲೇ ಇರುತ್ತಾಳಂತೆ.

ಇವತ್ತಿಗೆ ನಾಲ್ಕನೆಯ ದಿನ. ಇನ್ನೂ ನಾಲ್ಕು ದಿನ ಬಾಕಿ. ನಾನೇ ಬೇಯಿಸಿದ ಅರೆಬೆಂದ ಅನ್ನ ಉಂಡು ಗೇಟಿನಲ್ಲಿ ನಿಂತಿದ್ದೇನೆ... ಕಾಯುವುದರಲ್ಲಿ ಇಷ್ಟು ಸಂತೋಷ ಇರುತ್ತದೆಂದು ಗೊತ್ತಿರಲಿಲ್ಲ.

ತಪ್ಪು ಯಾರದೆಂದು ಕೂಗುವ ಮೊದಲು, ನಮ್ಮ ಕಾಲು ಎಲ್ಲಿದೆ ಎಂದು ನೋಡಿಕೊಳ್ಳಬೇಕು.

ನಿಮ್ಮ ಕೂಗಿಗೆ ಅರ್ಧ ದಾರಿಯಲ್ಲೇ ಇಳಿದು ನಡೆದುಹೋದವರು ನಿಮ್ಮ ಮನೆಯಲ್ಲೂ ಒಬ್ಬರಿದ್ದಾರಾ...?