ಅವನು ತುಂಬಿದ ಗ್ರೀಸು

ರೈಲಿನ ಗಾಲಿಯ ಅಚ್ಚು ಕಾದು ಬೋಗಿಗೆ ಬೆಂಕಿ ಹತ್ತಿದಾಗ, ಗ್ರೀಸು ತುಂಬುವವನನ್ನೇ ಹೊಣೆ ಮಾಡಿದ್ದರು. ಕೆಟ್ಟುಹೋದ ಹಳೇ ಗ್ರೀಸನ್ನು ಹಾಗೇ ಬಿಟ್ಟಿದ್ದನೆಂಬ ಆರೋಪ. ಆ ಕೊರಗಿನಲ್ಲೇ ಅವನು ತೀರಿಕೊಂಡ.

ಈಗ ಅದೇ ಬೋಗಿಯ ಸುಡದೆ ಉಳಿದ ಅಚ್ಚಿನಿಂದ ತೆಗೆದ ಗ್ರೀಸು ಪ್ರಯೋಗಾಲಯದ ಒಲೆಯ ಮೇಲೆ ಪುಟ್ಟ ಬಟ್ಟಲಿನಲ್ಲಿ ಕಾಯುತ್ತಿತ್ತು. ಅವನ ಹೆಂಡತಿ ಗೋಡೆಗೆ ಒತ್ತಿ ನಿಂತಿದ್ದಳು.

"ಅಕ್ಕಾರ, ಕುರ್ಚಿ ಐತಲ್ಲ, ಕುಂದರ್ರಿ," ಎಂದ ಪರೀಕ್ಷಕ.

"ಇರ್ಲಿ ಬಿಡ್ರಿ ಸರ್. ಕೆಟ್ಟೈತೋ ಇಲ್ಲೋ ಅಂತ ಹ್ಯಾಂಗ ಗೊತ್ತಾಗತೈತ್ರಿ?"

"ಕೆಟ್ಟಿದ್ರ ಲಗೂನ ಕರಗಿ ಹನಿ ಬೀಳತೈತ್ರಿ. ಕೆಡದಿದ್ರ ತಡೀತೈತಿ."

ಕಾವು ಏರಿತು. ಗಂಡನ ಅಂಗಿಯಲ್ಲಿರುತ್ತಿದ್ದ ವಾಸನೆ ಕೋಣೆಯ ತುಂಬ ಹರಡಿತು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಗ್ರೀಸು ತಡೆಯಬೇಕಾದ ಕಾವಿನ ಮಿತಿ ದಾಟಿದರೂ ಬಟ್ಟಲಿನಿಂದ ಹನಿ ಬೀಳಲಿಲ್ಲ. ಪರೀಕ್ಷಕ ಒಲೆ ಆರಿಸಿದ.

"ಹಳೇದಾದ್ರೂ ಛಲೋ ಐತ್ರಿ ಇದು. ನಿಮ್ಮ ಯಜಮಾನ್ರದು ಏನೂ ತಪ್ಪಿಲ್ಲ."

ಅವಳು ಖಾಲಿ ಕುರ್ಚಿಯ ಕಡೆ ತಿರುಗಿದಳು.

"ಕೇಳಿದ್ರಿಲ್ಲ? ಏಳ್ರಿ ಇನ್ನ, ಮನಿಗೆ ಹೋಗೂಣು."