ಹೆಡ್‌ಫೋನಿಗೆ ತಕ್ಕ ವಾಕಿಟಾಕಿ

“ಇದರ ಪಿನ್ನು ಕೂರೋ ಅಂತ ವಾಕಿಟಾಕಿ ಕೊಡಪ್ಪ. ಬ್ಯಾರೇದು ಬ್ಯಾಡ” ಎಂದು ಶಿವನಂಜಯ್ಯ ತನ್ನ ಮಿಲಿಟರಿ ಹೆಡ್‌ಫೋನನ್ನು ಕೊಳ್ಳೇಗಾಲದಲ್ಲಿ ಬಿಳಿಗಿರಿ ಎಂಬುವನ ರೇಡಿಯೋ ಅಂಗಡಿಯ ಗಾಜಿನ ಮೇಲಿಟ್ಟ.

ಕಾಡಿನೊಳಗೆ ಫೋನು ಸಿಗದ ಕಾಲ ಅದು. ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ತಂಡಕ್ಕೆ ಎರಡು ಸೆಟ್ಟು ಬೇಕಾಗಿದ್ದವು: ಒಂದು ಮುಂದೆ ನಡೆಯುವ ಶಿವನಂಜಯ್ಯನಿಗೆ, ಇನ್ನೊಂದು ಹೆಂಗಸರ ಜೊತೆ ಕೊನೆಯಲ್ಲಿ ಬರುವ ಅವನ ಹೆಂಡತಿ ಚನ್ನಮಲ್ಲಮ್ಮನಿಗೆ. ಅವಕ್ಕೆ ಬೇಕಾದ ಪರವಾನಗಿಯೂ ಕೈಗೆ ಬಂದಿತ್ತು. ಹಿಂದಿನ ವರ್ಷ ತಾಳುಬೆಟ್ಟದ ಏರಿನಲ್ಲಿ ಹಿಂದಿನವರು ‘ನಿಲ್ಲಿ’ ಎಂದು ಕೂಗಿ ಕೂಗಿ ಸಾಕಾದರೂ ಮುಂದಿದ್ದ ಈ ಆಸಾಮಿ ತಿರುಗಿ ನೋಡದೆ ನಡೆದುಬಿಟ್ಟಿದ್ದ. ‘ಅಯ್ಯ ಇನ್ನು ಬಸ್ಸಲ್ಲಿ ಬರ್ಲಿ’ ಎಂಬ ಮಾತು ತಂಡದಲ್ಲಿ ಆಗಲೇ ಎದ್ದಿತ್ತು. ಸೈನ್ಯದಲ್ಲಿ ರೇಡಿಯೋ ಕೇಳಿಯೇ ಪಿಂಚಣಿ ಸಂಪಾದಿಸಿದವನಿಗೆ ಕಿವಿ ಮಂದ ಎಂದರೆ ಮಾನ ಉಳಿದೀತೇ? ಸ್ಪೀಕರಿನ ಸದ್ದೆಲ್ಲ ಅವನಿಗೆ ಗಜಿಬಿಜಿ. ಹೆಡ್‌ಫೋನಿನ ಈ ಹಳೇ ಬಟ್ಟಲುಗಳು ಕಿವಿ ಮುಚ್ಚಿದರೆ ಮಾತ್ರ ಮಾತು ಬಿಡಿಬಿಡಿಯಾಗಿ ಕೇಳುತ್ತಿತ್ತು. ಈ ಗುಟ್ಟು ಹೆಂಡತಿಯೊಬ್ಬಳಿಗೇ ಗೊತ್ತು ಎಂದು ಅವನ ನಂಬಿಕೆ.

ಬಿಳಿಗಿರಿ ಮೊದಲು ತೋರಿಸಿದ ಚೆಂದದ ಸೆಟ್ಟಿಗೆ ಪಿನ್ನಿನ ತೂತೇ ಇರಲಿಲ್ಲ. ಎರಡನೆಯದರ ತೂತಿನಲ್ಲಿ ಬೆಂಕಿಕಡ್ಡಿಯೂ ಹೋಗುವಂತಿರಲಿಲ್ಲ.

“ಇದ್ರ ಸ್ಪೀಕರ್ರೇ ಬೋ ಜೋರದೆ ಸಾ. ಈ ಟೋಪಿ ಯಾಕೆ?” ಎಂದ ಬಿಳಿಗಿರಿ.

“ಏನಂದೆ?”

“ಟೋಪಿ ಯಾಕೆ ಅಂತವ್ನೆ ಕಣ್ರೀ!” ಪಕ್ಕದಲ್ಲೇ ನಿಂತಿದ್ದ ಚನ್ನಮಲ್ಲಮ್ಮ ಕೂಗಿದಳು. ರಸ್ತೆಯಲ್ಲಿದ್ದವರೂ ತಿರುಗಿ ನೋಡಿದರು. ಗುಟ್ಟು ಕಾಯುವವಳ ಗಂಟಲೇ ಹಾಗಿತ್ತು.

“ಮಿಲಿಟರಿ ಸಾಮಾನು ಕಣಪ್ಪ, ನಿಂಗೇನ್ ಗೊತ್ತು!” ಎಂದ ಶಿವನಂಜಯ್ಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಕೊನೆಗೆ ಬಿಳಿಗಿರಿ ಒಳಗಿನಿಂದ ಇಟ್ಟಿಗೆಯಂಥ ಹಳೇ ಸೆಟ್ಟುಗಳ ಜೋಡಿ ತಂದ. ಪಕ್ಕದಲ್ಲಿ ವೈರನ್ನು ತಿರುಗಿಸಿ ಕೂರಿಸುವ ಜಾಗವಿತ್ತು. ನಡುವೆ ಒಂದು ತುಂಡು ವೈರು ಸೇರಿಸಿದ ಮೇಲೆ ಹೆಡ್‌ಫೋನಿನ ದಪ್ಪ ಪಿನ್ನು ಕಟಕ್ಕೆಂದು ಕೂತಿತು. ಗಡಿಯ ಹಿಮದಲ್ಲಿ ಇಂಥದ್ದನ್ನೇ ಕಿವಿಗಿಟ್ಟು ಕೂತಿದ್ದ ದಿನಗಳೆಲ್ಲ ನೆನಪಾಗಿ ಶಿವನಂಜಯ್ಯನ ಎದೆ ತುಂಬಿತು.

ಇನ್ನೊಂದು ಸೆಟ್ಟು ಹಿಡಿದು ಚನ್ನಮಲ್ಲಮ್ಮ ರಸ್ತೆಯಾಚೆಯ ಮರದಡಿ ಹೋಗಿ ನಿಂತಳು. ಗುಂಡಿ ಒತ್ತಿ, “ನಾನ್ ಕಣ್ರೀ! ಕೇಳ್ತದಾ?” ಎಂದು ಕಿರುಚಿದಳು.

ಶಿವನಂಜಯ್ಯ ಬೆಚ್ಚಿಬಿದ್ದ. “ಕೂಗ್ಬ್ಯಾಡ ಕಣಮ್ಮಿ, ಚೆಂದಾಗಿ ಕೇಳ್ತದೆ. ಮೆತ್ತಗೆ ಮಾತಾಡು.”

ಮದುವೆಯ ಹೊಸತರಲ್ಲಿ ಅವನು ರಜೆಗೆ ಬಂದಾಗ, ಹೊರಗೆ ಅತ್ತೆ ಮಾವ ಕೂತಿದ್ದಾರೆಂದು ಬಾಗಿಲ ಮರೆಯಲ್ಲಿ ನಿಂತು ಪಿಸುಗುಡುತ್ತಿದ್ದವಳು ಅವಳು. ಆ ದನಿಯನ್ನೇ ಕಿವಿತುಂಬ ಕಟ್ಟಿಕೊಂಡು ಅವನು ರೈಲು ಹತ್ತುತ್ತಿದ್ದ. ಅದನ್ನು ಕೇಳಿ ಎಷ್ಟು ಕಾಲವಾಗಿತ್ತೋ! ಎರಡೂ ಬಟ್ಟಲುಗಳನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕಾದ.

ಅವಳು ಸೆಟ್ಟನ್ನು ಬಾಯಿಗೆ ಹತ್ತಿರ ತಂದಳು, ದೂರ ಹಿಡಿದಳು, ಗಂಟಲು ಸರಿಮಾಡಿಕೊಂಡಳು. ಬಂದದ್ದು ಮತ್ತೆ ಅದೇ ಕೂಗು, ಕೊನೆಗೆ ಮಾತ್ರ ಒಂದಿಷ್ಟು ನಡುಗಿತು:

“ನಂಗೆ ಮೆತ್ತಗೆ ಮಾತಾಡೋದೇ ಮರ್ತೋಯ್ತು ಕಣ್ರೀ!”