ದಾನದ ನಿದ್ದೆಗೆ ಮೊಸರನ್ನ

ತುಮಕೂರಿನ ನಿದ್ರಾದಾನ ಕೇಂದ್ರದಲ್ಲಿ ಯಾರ ನಿದ್ದೆ ಯಾರಿಗೆ ಹೋಯಿತೆಂದು ಹೇಳುವ ಪದ್ಧತಿ ಇರಲಿಲ್ಲ. ದಾನಿಯ ಋಣ ನೆನೆಯುವವರು ಕಿಟಕಿಯಲ್ಲಿ ಊಟದ ಡಬ್ಬಿ ಇಟ್ಟು ಬರಬೇಕು, ಅಷ್ಟೆ.

ವನಮಾಲಾಳ ಆರು ವರ್ಷದ ಮಗಳು ಚಾರ್ವಿಗೆ ಮೂರ್ಛೆರೋಗ. ಕಣ್ಣು ಮುಚ್ಚಿದರೆ ಸಾಕು, ಏಳುವವರೆಗೂ ಮಿದುಳಿನಲ್ಲಿ ಮಿಂಚು. ಆ ಮಿಂಚು ಮಗುವಿನ ಮಾತುಗಳನ್ನು ಒಂದೊಂದಾಗಿ ಸುಟ್ಟು, ಯುಗಾದಿಯ ಹೊತ್ತಿಗೆ ‘ಅಮ್ಮ’ ಎನ್ನುವುದನ್ನೂ ಉಳಿಸಿರಲಿಲ್ಲ. ಅದಕ್ಕೇ ಮಾತ್ರೆಗಳ ಜೊತೆಗೆ ದಿನಾ ಮಧ್ಯಾಹ್ನ ಬೇರೊಬ್ಬರ ನೆಮ್ಮದಿಯ ನಿದ್ದೆಯನ್ನು ಅವಳಿಗೆ ಏರಿಸುತ್ತಿದ್ದರು.

ಎರಡು ವಾರವಾದರೂ ಬಂದದ್ದು ಬರೀ ಕೋಳಿನಿದ್ದೆ. ನರ್ಸ್ ಫಿಲೋಮಿನಾ, ವನಮಾಲಾ ಕಿಟಕಿಯಲ್ಲಿಟ್ಟ ಡಬ್ಬಿಯ ಪಕ್ಕದ ಫ್ಲಾಸ್ಕ್ ತೆರೆದು ಮೂಸಿದರು.

“ದಿನಾ ಕಾಫಿ ಕಳಿಸ್ತಿದ್ದೀರಾ?”

“ಹೂಂ ಸಿಸ್ಟರ್. ಊಟ ಕೊಟ್ಟು ಕಾಫಿ ಕೊಡದೆ ಹೆಂಗಿರೋದು? ಸ್ಟ್ರಾಂಗಾಗೇ ಮಾಡ್ತೀನಿ.”

“ನಿಮ್ಮ ದಾನಿ ಮರ್ಯಾದೆಗೆ ಪೂರ್ತಿ ಕುಡಿದು, ಆಮೇಲೆ ನಿದ್ದೆ ಬರದೆ ಒದ್ದಾಡ್ತಾರಮ್ಮ. ನಾಳೆಯಿಂದ ಮೊಸರನ್ನ ತನ್ನಿ.”

ಮೊಸರನ್ನ ಶುರುವಾದ ಮೇಲೆ ನಿದ್ದೆ ಗಟ್ಟಿಯಾಯಿತು. ಚಾರ್ವಿಯ ಮಿದುಳಿನ ಮಿಂಚು ತೋರಿಸುವ ಯಂತ್ರದ ಪರದೆಯ ಮೇಲೆ ಕುಣಿಯುತ್ತಿದ್ದ ಗೆರೆಗಳು ದಿನದಿಂದ ದಿನಕ್ಕೆ ತಣ್ಣಗಾದವು. ತಿಂಗಳು ಕಳೆದು ಒಂದು ಮಧ್ಯಾಹ್ನ ಚಾರ್ವಿ ಕಣ್ಣುಜ್ಜುತ್ತ ಎದ್ದು ಕೂತಳು.

“ಅಮ್ಮ, ಮೊಸರನ್ನಕ್ಕೆ ಉಪ್ಪು ಸಾಲ್ದು.”

ಅವಳು ಆ ಮೊಸರನ್ನವನ್ನು ಮುಟ್ಟಿಯೂ ಇರಲಿಲ್ಲ. ಏರಿಸಿದ ನಿದ್ದೆಯಲ್ಲಿ ದಾನಿಯ ಕನಸಿನ ಚೂರು ಸೇರಿ ಬರುವುದು ಅಲ್ಲಿ ಮಾಮೂಲು. ಗೋಡೆಯಾಚೆ ಮಲಗುವ ಆ ಪುಣ್ಯಾತ್ಮರು ತಿಂಗಳಿಡೀ ಸಪ್ಪೆ ಮೊಸರನ್ನವನ್ನು ತುಟಿಪಿಟಿಕ್ಕೆನ್ನದೆ ಉಂಡಿದ್ದರು.

ವನಮಾಲಾಳ ಕಣ್ಣು ತುಂಬಿತು. “ನಾಳೆ ಸರಿಯಾಗಿ ಹಾಕ್ತೀನಿ,” ಎಂದಳು, ಮಗಳಿಗೂ ಗೋಡೆಗೂ.